ಅಗಲದ ಸ್ಕೀಯೂ ಬೆರಕೆಯ ಹಿಮವೂ

ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದು, ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹುಡುಗರಿಗೆ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸಿ, ಈಗ ವಿಶ್ರಾಂತಿವೇತನವನ್ನು ಪಡೆಯುತ್ತ ಮನೆಯಲ್ಲಿ ಕುಳಿತಿರುವ ನಾವು, ಹಿಮದ ಮೇಲೆ ಜಾರುವ ಸ್ಕೀ ಎಂಬ ಹಲಗೆಗಳನ್ನು ಕುರಿತು ಬರೆಯಹೊರಟಿರುವುದು ವಾಚಕರಿಗೆ ವಿನೋದವಾಗಿ ತೋರಬಹುದು. ತೋರಿದರೆ ತಪ್ಪಿಲ್ಲ, ನಮಗೂ ಮೊದಲು ಹಾಗೆಯೇ ತೋರಿತ್ತು. ಆದರೆ ಕಾಲವು ಬದಲಾಗಿರುವುದು. ಇಂದು ನಮ್ಮ ಊರುಗಳ ಮನೆಮನೆಯ ತರುಣರು ಚಳಿಗಾಲ ಬಂದಿತೆಂದರೆ ಕಾಶ್ಮೀರದ ಗುಲ್ಮಾರ್ಗಿಗೋ ಉತ್ತರಾಖಂಡದ ಔಲಿಗೋ ಹೊರಡುತ್ತಾರೆ. ಪರದೇಶದಲ್ಲಿ ನೆಲಸಿದ ಮಕ್ಕಳಂತೂ ರಜೆಯ ದಿನಗಳನ್ನು ಹಿಮದ ಬೆಟ್ಟಗಳಲ್ಲಿಯೇ ಕಳೆಯುತ್ತಾರೆ. ಕೊಡಗಿನ ತೆಕ್ಕಡ ನಂಜುಂಡ ಭವಾನಿಯೆಂಬ ತರುಣಿಯು ಹಿಮದ ಮೇಲೆ ದೂರ ಓಡುವ ಸ್ಕೀ ಸ್ಪರ್ಧೆಗಳಲ್ಲಿ ಪದಕಗಳನ್ನು ಗಳಿಸಿ ನಾಡಿಗೆ ಕೀರ್ತಿಯನ್ನು ತಂದಿರುವುದನ್ನು ವಾಚಕರು ಓದಿರಬಹುದು. ಹೀಗಿರುವಲ್ಲಿ, ಮನೆಯ ಹಿರಿಯರು ಈ ವಿಷಯದಲ್ಲಿ ಕೇವಲ ಅಜ್ಞರಾಗಿರುವುದು ಯುಕ್ತವಲ್ಲವೆಂದು ನಮಗೆ ಕಳೆದ ಮಾಘಮಾಸದಲ್ಲಿ ಮನವರಿಕೆಯಾಯಿತು. ಅದು ಆದ ಬಗೆಯನ್ನೇ ಇಲ್ಲಿ ನಿವೇದಿಸುವೆವು.

ನಮ್ಮ ಅಕ್ಕನಿಗೆ ಒಬ್ಬನೇ ಮಗ. ತಂದೆಯು ತೀರಿಕೊಂಡ ಮೇಲೆ ಆಕೆ ಕಷ್ಟಪಟ್ಟು ಓದಿಸಿದ ಹುಡುಗ. ಈಗ ಬೆಂಗಳೂರಿನಲ್ಲಿ ಒಳ್ಳೆಯ ಉದ್ಯೋಗದಲ್ಲಿರುವನು. ಎರಡು ಚಳಿಗಾಲ ಗುಲ್ಮಾರ್ಗಿಗೆ ಹೋಗಿ ಸ್ಕೀ ಕಲಿತುಬಂದವನು ಮೂರನೆಯ ಸಲ ಹೊರಟಾಗ, ತನ್ನದೇ ಸ್ಕೀ ಇರಬೇಕೆಂದು ಹಟಮಾಡಿ, ಒಂದು ತಿಂಗಳ ಸಂಬಳದ ಬಹುಭಾಗವನ್ನು ತೆತ್ತು, ಪರದೇಶದಿಂದ ಒಂದು ಜೊತೆಯನ್ನು ತರಿಸಿದನು. ಅವುಗಳ ಅಗಲವನ್ನು ನೋಡಿ ಅಕ್ಕ ಬೆರಗಾದಳು. "ಇದೇನೋ, ಬಾಗಿಲಿನ ಹಲಗೆ ಕಿತ್ತುತಂದ ಹಾಗಿದೆಯಲ್ಲೋ!" ಎಂದಳು. ಅವನು, "ಅಮ್ಮ, ಆಳವಾದ ಹಿಮಕ್ಕೆ ಇಂಥದ್ದೇ ಬೇಕು. ಚಿತ್ರಗಳಲ್ಲಿ ದೊಡ್ಡ ದೊಡ್ಡವರೆಲ್ಲ ಇಂಥದರ ಮೇಲೆಯೇ ಹಾರಿ ಬರುತ್ತಾರೆ" ಎಂದನು. ಆಕೆಗೆ ಸಮಾಧಾನವಾಗಲಿಲ್ಲ. ಕಡೆಗೆ ನಮ್ಮನ್ನು ಕರೆದು, "ನೀನೂ ಒಂದು ಸಲ ಕಾಶ್ಮೀರ ನೋಡಿ ಬಾ. ಹೋಗುವಾಗ ಹೇಗಿದ್ದಾನೋ ಹಾಗೆಯೇ ಇವನನ್ನು ತಂದು ನನ್ನ ಮುಂದೆ ನಿಲ್ಲಿಸು" ಎಂದಳು. ಅಕ್ಕನ ಮಾತನ್ನು ಮೀರುವುದು ನಮ್ಮಿಂದ ಈವರೆಗೆ ಆಗಿಲ್ಲ. ಆದಕಾರಣ ಉಣ್ಣೆಯ ಟೊಪ್ಪಿಗೆಯೊಂದನ್ನು ಕೊಂಡು ಅಳಿಯನೊಡನೆ ಹೊರಟೆವು.

ಪ್ರಕೃತ ವಿಷಯಕ್ಕೆ ಬರುವ ಮುನ್ನ ವಸ್ತುವಿನ ಪೂರ್ವವೃತ್ತಾಂತವನ್ನು ಸ್ವಲ್ಪ ಹೇಳುವುದು ಮೇಲು. ಸ್ಕೀ ಎಂಬುದು ನಾರ್ವೆ ದೇಶದ ಮಾತು. ಹಳೆಯ ನಾರ್ಸ್ ಭಾಷೆಯಲ್ಲಿ ಇದಕ್ಕೆ ಮೂಲವಾದ ಪದಕ್ಕೆ 'ಸೀಳಿದ ಮರದ ತುಂಡು' ಎಂದು ಅರ್ಥ. ನಮ್ಮ ಸಂಸ್ಕೃತದಲ್ಲಿ ಸೀಳುವುದೆಂಬ ಅರ್ಥವುಳ್ಳ 'ಛಿದ್' ಧಾತುವಿಗೂ ಇದಕ್ಕೂ ಮೂಲವು ಒಂದೇ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಛೇದ, ವಿಚ್ಛೇದ ಎಂದು ನಾವು ದಿನವೂ ಆಡುವ ಮಾತುಗಳು ಈ ಹಿಮದ ಹಲಗೆಗೆ ದೂರದ ದಾಯಾದಿಗಳು! ವಸ್ತುವಾದರೋ ಮಾತಿಗಿಂತಲೂ ಹಳೆಯದು. ಸ್ವೀಡನ್ ದೇಶದ ಕಾಲ್ವ್‌ಟ್ರೆಸ್ಕ್ ಎಂಬಲ್ಲಿ 1924ರಲ್ಲಿ ದೊರೆತ ಮರದ ಸ್ಕೀ 5,000 ವರ್ಷಗಳಿಗಿಂತ ಹಿಂದಿನದು. ಆ ಕಾಲದಲ್ಲಿ ಅದು ಆಟದ ಸಾಮಾನಲ್ಲ. ಹಿಮ ಮುಚ್ಚಿದ ನಾಡಿನಲ್ಲಿ ಬೇಟೆಗೂ ನೆರೆಯೂರಿಗೂ ಹೋಗುವ ಪಾದುಕೆ. 19ನೆಯ ಶತಮಾನದಲ್ಲಿ ನಾರ್ವೆಯ ಟೆಲೆಮಾರ್ಕ್ ಸೀಮೆಯ ಸೋಂಡ್ರೆ ನೋರ್ಹೈಮ್ (1825–1897) ಎಂಬಾತನು ಎರಡು ತುದಿಗಳಲ್ಲಿ ಅಗಲವಾಗಿಯೂ ನಡುವಿನಲ್ಲಿ ಕಿರಿದಾಗಿಯೂ ಇರುವ ಸ್ಕೀಯನ್ನು ಪ್ರಚಾರಕ್ಕೆ ತಂದನು. ಅಂಥ ಸ್ಕೀಯನ್ನು ಓರೆಮಾಡಿ ಒತ್ತಿದರೆ ಅದು ತಾನಾಗಿಯೇ ಬಳಸಿ ತಿರುಗುವುದು. ಇಂದಿನ ಸ್ಕೀಗಳ ಆಕಾರವೆಲ್ಲ ಅಲ್ಲಿಂದ ಬೆಳೆದುಬಂದಿದೆ.

ಅಗಲದ ಸ್ಕೀ ಮಾತ್ರ ಇತ್ತೀಚಿನದು. 1980ರ ದಶಕದ ಕೊನೆಯಲ್ಲಿ ಆಸ್ಟ್ರಿಯ ದೇಶದ ಅಟೋಮಿಕ್ ಕಂಪನಿಯು ಅದುವರೆಗೆ ಯಾರೂ ಕಾಣದಷ್ಟು ಅಗಲವಾದ ಸ್ಕೀಯನ್ನು ಮಾಡಿತು. ಜನರು ಅದನ್ನು ಕಂಡು ನಕ್ಕು 'ಫ್ಯಾಟ್ ಬಾಯ್', ಎಂದರೆ ಡೊಳ್ಳುಹುಡುಗ, ಎಂದು ಕರೆದರು. ಆದರೆ ಆಳವಾದ ಹಿಮದಲ್ಲಿ ಅದರ ಮೇಲೆ ನಿಂತವರು ನಗಲಿಲ್ಲ. ಅನಂತರ ಶೇನ್ ಮಕಾಂಕಿ ಎಂಬ ಸಾಹಸಿಯು, ಪುಡಿಹಿಮವು ನೆಲಕ್ಕಿಂತ ನೀರಿಗೆ ಸಮೀಪವಾದದ್ದು, ಆದ್ದರಿಂದ ಅದರ ಮೇಲಿನ ಹಲಗೆಯು ನೀರಿನ ಮೇಲೆ ಜಾರುವ ಹಲಗೆಯಂತಿರಬೇಕು ಎಂದು ವಾದಿಸಿದನು. ಆತನ ಕಲ್ಪನೆಯಂತೆ 2002ರಲ್ಲಿ ವೊಲಾಂಟ್ ಕಂಪನಿಯು 'ಸ್ಪಾಚುಲ' ಎಂಬ ಸ್ಕೀಯನ್ನು ಹೊರತಂದಿತು. ಅದರ ನಡುವೇ ತುದಿಗಳಿಗಿಂತ ಅಗಲ. ಎರಡು ತುದಿಗಳೂ ದೋಣಿಯಂತೆ ಮೇಲಕ್ಕೆ ಬಾಗಿದ್ದವು. ಅಂದಿನಿಂದ ಅಗಲದ ಮೋಹವು ಲೋಕವನ್ನು ಹಿಡಿಯಿತು. ನಮ್ಮ ಅಳಿಯನನ್ನು ಹಿಡಿದದ್ದೂ ಅದೇ ಮೋಹ.

ಗುಲ್ಮಾರ್ಗ್ ಸಮುದ್ರಮಟ್ಟಕ್ಕಿಂತ ಸುಮಾರು 2,650 ಮೀಟರ್ ಎತ್ತರದಲ್ಲಿರುವ ಒಂದು ಬಟ್ಟಲಿನಂಥ ಬಯಲು. ಸುತ್ತಲೂ ದೇವದಾರು ಮೊದಲಾದ ಮರಗಳ ಕಾಡು. ಮೇಲೆ ಅಫರ್‌ವಾಟ್ ಪರ್ವತ. ಆಂಗ್ಲ ಅಧಿಕಾರಿಗಳು 1927ರಲ್ಲಿ ಇಲ್ಲಿ ಸ್ಕೀ ಕ್ಲಬ್ಬನ್ನು ಸ್ಥಾಪಿಸಿದರು. ಇಂದು ತಂತಿಯ ಮೇಲೆ ತೂಗಿ ಹೋಗುವ ಗೊಂಡೋಲವು ಮೊದಲ ಹಂತದಲ್ಲಿ ಕೊಂಗ್‌ಡೂರಿಗೂ, ಎರಡನೆಯ ಹಂತದಲ್ಲಿ ಸುಮಾರು 3,950 ಮೀಟರ್ ಎತ್ತರದ ಪರ್ವತದ ಹೆಗಲಿಗೂ ಜನರನ್ನು ಒಯ್ಯುವುದು. ಮೇಲಿನ ನಿಲ್ದಾಣಕ್ಕೂ ಕೆಳಗಿನದಕ್ಕೂ ಸುಮಾರು 1,300 ಮೀಟರ್ ಅಂತರ. ಸಾವಿರ ಮೀಟರಿಗೆ ಆರೂವರೆ ಡಿಗ್ರಿಯಂತೆ ಲೆಕ್ಕ ಹಾಕಿದರೆ ಮೇಲೆ ಕೆಳಗಿಗಿಂತ ಎಂಟು ಡಿಗ್ರಿಗಳಷ್ಟು ಹೆಚ್ಚು ಚಳಿ. ಈ ಒಂದು ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು. ಬೆರಕೆಯ ಹಿಮದ ರಹಸ್ಯದ ಅರ್ಧಭಾಗ ಇದರಲ್ಲಿಯೇ ಅಡಗಿದೆ.

ನಾವು ತಲಪಿದಾಗ ಒಂಬತ್ತು ದಿನಗಳಿಂದ ಹೊಸ ಹಿಮ ಬಿದ್ದಿರಲಿಲ್ಲ. ಹಗಲಿನ ಬಿಸಿಲಿಗೆ ಕರಗಿ ರಾತ್ರಿಯ ಚಳಿಗೆ ಗಟ್ಟಿಕಟ್ಟಿದ ಹಿಮವು ಬೆಳಗಿನ ಹೊತ್ತು ಕಲ್ಲುಚಪ್ಪಡಿಯಂತೆ ಮಿರುಗುತ್ತಿತ್ತು. ಅಳಿಯನು ತನ್ನ ಹೊಸ ಹಲಗೆಗಳನ್ನು ಬೂಟಿಗೆ ಸಿಕ್ಕಿಸಿಕೊಂಡು, ನಮ್ಮತ್ತ ಒಮ್ಮೆ ಕೈಬೀಸಿ, ಇಳಿಜಾರಿಗೆ ಇಳಿದನು. ನಾವು ಕೆಳಗೆ ಕಾಂಗಡಿಯ ಕೆಂಡದ ಮೇಲೆ ಕೈಗಳನ್ನು ಹಿಡಿದುಕೊಂಡು ನಿಂತಿದ್ದೆವು. ಎರಡು ತಿರುವು ಸರಿಯಾಗಿ ಬಂದವು. ಮೂರನೆಯದರಲ್ಲಿ ಅಂಚು ಹಿಮವನ್ನು ಕಚ್ಚದೆ ಜಾರಿ, ಹುಡುಗನು ಪಕ್ಕಕ್ಕೆ ಉರುಳಿ ಬಹುದೂರ ಬಂದು ಬಿದ್ದನು. ಒಂದು ಹಲಗೆ ಕಾಲಿನಿಂದ ಕಳಚಿತು. ಇನ್ನೊಂದು ಕಳಚುವುದಕ್ಕೆ ಮೊದಲು ಮೊಣಕಾಲನ್ನು ತಿರುಚಿತು. ಆಗ ನಮ್ಮ ಕಣ್ಣ ಮುಂದೆ ನಿಂತದ್ದು ಹಿಮವಲ್ಲ, ಅಕ್ಕನ ಮುಖ. ವೈದ್ಯರು ನೋಡಿ, ಸ್ನಾಯುಬಂಧ ಹರಿದಿಲ್ಲ, ಉಳುಕಿದೆಯಷ್ಟೆ, ನಾಲ್ಕು ದಿನ ಸುಮ್ಮನಿರಬೇಕು ಎಂದರು. ದೇವರು ದೊಡ್ಡವನು.

ಅವನು ಮಲಗಿದ್ದ ಆ ನಾಲ್ಕು ದಿನಗಳಲ್ಲಿ ನಾವು ಪಾಠ ಹೇಳುವುದನ್ನು ಬಿಟ್ಟು ಪಾಠ ಕಲಿತೆವು. ಸ್ಕೀಗಳನ್ನು ಬಾಡಿಗೆಗೆ ಕೊಡುವ ಒಂದು ಅಂಗಡಿ ನಮ್ಮ ಬಿಡಾರದ ಸಮೀಪದಲ್ಲಿತ್ತು. ಅದರ ಯಜಮಾನರು ನಮ್ಮ ವಯಸ್ಸಿನವರೇ. ಎಲ್ಲರೂ ಅವರನ್ನು ಚಾಚಾ ಎಂದು ಕರೆಯುತ್ತಿದ್ದರು. ಅಳಿಯನ ಹಲಗೆಗಳನ್ನು ಅವರ ಮುಂದಿಟ್ಟು, ಇವು ಕೆಟ್ಟ ಸರಕೇ ಎಂದು ನಮ್ಮ ಹರಕು ಹಿಂದಿಯಲ್ಲಿ ಕೇಳಿದೆವು. ಅವರು ಹಲಗೆಯನ್ನು ತಿರುಗಿಸಿ ನೋಡಿ, ಬೆರಳಿನಿಂದ ಅಂಚನ್ನು ಸವರಿ, "ಮಾಸ್ಟರ್‌ಜೀ, ಸರಕು ಬಹಳ ಒಳ್ಳೆಯದು. ಆದರೆ ಇದು ಇಲ್ಲಿಯ ಚಳಿಗಾಲದಲ್ಲಿ ಹತ್ತು ದಿನದ ಹಲಗೆ. ಮಿಕ್ಕ ದಿನಗಳಿಗೆ ಹುಡುಗನು ಏನು ತಂದಿದ್ದಾನೆ?" ಎಂದರು. ಈ ಒಂದು ಪ್ರಶ್ನೆಯಲ್ಲಿ ಸಕಲ ಶಾಸ್ತ್ರವೂ ಅಡಗಿದೆಯೆಂದು ಮುಂದೆ ನಮಗೆ ತಿಳಿಯಿತು. ಅವರಿಂದ ಕೇಳಿದುದನ್ನೂ, ಬಳಿಕ ಓದಿ ತಿಳಿದುದನ್ನೂ ಕ್ರಮವಾಗಿ ಹೇಳುವೆವು.

ಮೊದಲು ಹಿಮದ ವಿಚಾರ. ಹಿಮವೆಂದರೆ ಬೆಳ್ಳಗಿರುವ ಒಂದೇ ಪದಾರ್ಥವೆಂದು ನಾವು ಬಯಲುನಾಡಿನವರು ತಿಳಿದಿರುತ್ತೇವೆ. ಅದು ತಪ್ಪು. ಗಾಳಿಯಿಲ್ಲದ ಕಡುಚಳಿಯಲ್ಲಿ ಆಗತಾನೆ ಬಿದ್ದ ಪುಡಿಹಿಮವು ಅರಳೆಯಂತೆ ಹಗುರ. ಒಂದು ಘನಮೀಟರ್ ನೀರು 1,000 ಕಿಲೋಗ್ರಾಂ ತೂಗಿದರೆ ಅಷ್ಟೇ ಪ್ರಮಾಣದ ಒಣ ಪುಡಿಹಿಮವು 50ರಿಂದ 100 ಕಿಲೋಗ್ರಾಂ ಮಾತ್ರ ತೂಗುವುದು. ನಾಲ್ಕು ಜನ ಅದರ ಮೇಲೆ ಜಾರಿ ಹೋದ ಬಳಿಕ ಅದು ಉತ್ತ ಹೊಲದಂತೆ ಹೆಂಟೆಹೆಂಟೆಯಾಗುವುದು. ಇದು ಕಲಕಿದ ಹಿಮ. ಗಾಳಿಯು ಹೊಡೆದು ಒತ್ತಿದಲ್ಲಿಯೂ, ಬಿಸಿಲು ಕರಗಿಸಿ ಚಳಿ ಹೆಪ್ಪುಗಟ್ಟಿಸಿದಲ್ಲಿಯೂ ಮೇಲೆ ಹಪ್ಪಳದಂಥ ಒಂದು ಪದರ ಕಟ್ಟಿ ಒಳಗೆ ಮೆತ್ತಗೆ ಉಳಿಯುವುದು, ಇದು ಹೊಪ್ಪಳೆಹಿಮ. ಕಾಲಿಟ್ಟರೆ ಒಮ್ಮೆ ತಡೆಯುವುದು, ಒಮ್ಮೆ ಮುರಿಯುವುದು. ಎಲ್ಲ ಹಿಮಗಳಲ್ಲಿಯೂ ಇದೇ ವಂಚಕ. ಯಂತ್ರದಿಂದ ಒತ್ತಿ ಮಟ್ಟಮಾಡಿದ ಹಾದಿಯ ಹಿಮ ಬೇರೆ. ಬೆಳಗಿನ ಕಲ್ಲುಹಿಮ ಬೇರೆ. ಮಧ್ಯಾಹ್ನದ ಬಿಸಿಲಿಗೆ ನೆನೆದು ದೋಸೆಯ ಹಿಟ್ಟಿನಂತೆ ಭಾರವಾದ ಹಿಮ ಬೇರೆ. ಮೇಲೆ ಎಂಟು ಡಿಗ್ರಿ ಹೆಚ್ಚು ಚಳಿಯಿರುವ ಬೆಟ್ಟದಲ್ಲಿ ಒಂದೇ ಇಳಿತದಲ್ಲಿ ಇವುಗಳಲ್ಲಿ ಮೂರು ನಾಲ್ಕನ್ನು ದಾಟಿ ಬರಬೇಕಾಗುವುದು. ಬೆರಕೆಯ ಹಿಮವೆಂದರೆ ಇದೇ.

ಇನ್ನು ಅಗಲದ ವಿಚಾರ. ಸ್ಕೀಯ ಅಗಲವನ್ನು ಮೂರು ಕಡೆ ಅಳೆಯುತ್ತಾರೆ: ಮುಂತುದಿ, ಬೂಟು ನಿಲ್ಲುವ ನಡು, ಹಿಂತುದಿ. ಇವುಗಳಲ್ಲಿ ನಡುವಿನ ಅಳತೆಯೇ ಮುಖ್ಯ. ನಡು 85 ಮಿಲಿಮೀಟರಿಗಿಂತ ಕಿರಿದಾದದ್ದು ಮಟ್ಟಮಾಡಿದ ಹಾದಿಗೆ. 85ರಿಂದ 100ರವರೆಗಿನದು ಎಲ್ಲ ಹಿಮಕ್ಕೂ. 100ರಿಂದ 110ರ ಸುಮಾರಿನದು ಪುಡಿಹಿಮದ ಕಡೆಗೆ ವಾಲಿದ ಬಳಕೆಗೆ. ಅದನ್ನು ಮೀರಿದ್ದು ಆಳವಾದ ಪುಡಿಹಿಮಕ್ಕೆಂದೇ ಮಾಡಿದ್ದು ಎಂದು ಸ್ಥೂಲವಾಗಿ ತಿಳಿಯಬಹುದು. ಗೆರೆಗಳು ಖಚಿತವಲ್ಲ, ಒಂದೊಂದು ಕಂಪನಿ ಒಂದೊಂದು ಬಗೆಯಾಗಿ ಹೇಳುವುದು. ಓಟದ ಸ್ಪರ್ಧೆಯ ಸ್ಕೀಗಳ ಅಗಲ 70 ಮಿಲಿಮೀಟರನ್ನೂ ಮುಟ್ಟುವುದಿಲ್ಲ. ನಮ್ಮ ಅಳಿಯನದು 118.

ಅಗಲದಿಂದ ಪ್ರಯೋಜನವೇನು? ನಮ್ಮ ರೈತರು ಕೆಸರುಗದ್ದೆಯನ್ನು ಹಲಗೆಯಿಂದ ಮಟ್ಟಮಾಡುವುದನ್ನು ವಾಚಕರು ನೋಡಿರಬಹುದು. ಬರಿಗಾಲಿನಲ್ಲಿ ಇಳಿದರೆ ಮೊಣಕಾಲುದ್ದ ಹುಗಿಯುವ ಆ ಕೆಸರಿನಲ್ಲಿ, ಎತ್ತುಗಳು ಎಳೆಯುವ ಹಲಗೆಯ ಮೇಲೆ ನಿಂತವನು ಹುಗಿಯದೆ ಸಾಗುತ್ತಾನೆ. ಭಾರವು ವಿಸ್ತಾರವಾಗಿ ಹಂಚಿಹೋಗುವುದೇ ಕಾರಣ. ಸ್ಕೀಯ ತತ್ತ್ವವೂ ಇಷ್ಟೇ. ನಾವು ಅಂಗಡಿಯ ಮೂಲೆಯಲ್ಲಿ ಕುಳಿತು, ಬೇರೆ ಬೇರೆ ಸ್ಕೀಗಳನ್ನು ಅಳೆದು, ಒಂದು ಸ್ಥೂಲವಾದ ಲೆಕ್ಕವನ್ನು ಮಾಡಿದೆವು. ಬಟ್ಟೆಬರೆ ಚೀಲಗಳೊಡನೆ ಅಳಿಯನ ತೂಕ 80 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಬರಿಯ ಬೂಟುಗಳಲ್ಲಿ ನಿಂತರೆ ಒಂದು ಚದರ ಸೆಂಟಿಮೀಟರ್ ಹಿಮದ ಮೇಲೆ ಬೀಳುವ ಭಾರ ಸುಮಾರು 167 ಗ್ರಾಂ. ನಡು 78 ಮಿಲಿಮೀಟರ್ ಇರುವ ಜೊತೆಯ ಮೇಲೆ ನಿಂತರೆ ಸುಮಾರು 24 ಗ್ರಾಂ. 100ರ ಜೊತೆಯ ಮೇಲೆ ಸುಮಾರು 20. ಅಳಿಯನ 118ರ ಜೊತೆಯ ಮೇಲೆ ಸುಮಾರು 17.

ಈ ಅಂಕಿಗಳನ್ನು ಬರೆದು ನೋಡಿದಾಗ ನಮಗೆ ಒಂದು ವಿಷಯವು ಸ್ಪಷ್ಟವಾಯಿತು. ಬೂಟಿನಿಂದ ಯಾವುದೋ ಒಂದು ಸ್ಕೀಗೆ ಹೋದಾಗ ಲಾಭವು ಬಹಳ. 167 ಇದ್ದುದು 24ಕ್ಕೆ ಇಳಿಯಿತು. ಆದರೆ 100ರಿಂದ 118ಕ್ಕೆ ಹೋದಾಗ ಸಿಕ್ಕಿದ್ದು ಬರಿಯ ಮೂರು ಗ್ರಾಂ. ಮೊಣಕಾಲು ಮೀರಿದ ಒಣಹಿಮದಲ್ಲಿ ಆ ಮೂರು ಗ್ರಾಂ ಕೂಡ ಬೆಲೆಯುಳ್ಳದ್ದೇ, ಸಂದೇಹವಿಲ್ಲ. ಆದರೆ ಅದಕ್ಕೆ ಮಿಕ್ಕ ದಿನಗಳಲ್ಲಿ ತೆರಬೇಕಾದ ಬೆಲೆ ಏನು?

ಆ ಬೆಲೆಯನ್ನು ತೆರುವುದು ಮೊಣಕಾಲು. ಗಟ್ಟಿ ಹಿಮದ ಮೇಲೆ ತಿರುಗಬೇಕಾದರೆ ಸ್ಕೀಯನ್ನು ಓರೆಮಾಡಿ ಅದರ ಉಕ್ಕಿನ ಅಂಚನ್ನು ಊರಬೇಕು. ಬೂಟಿನ ಅಟ್ಟೆಯ ಅಗಲ ಸುಮಾರು 70 ಮಿಲಿಮೀಟರ್. ನಡು 78 ಆದರೆ ಅಂಚು ಬೂಟಿನಿಂದ ಹೊರಗೆ ಇರುವುದು 4 ಮಿಲಿಮೀಟರ್ ಮಾತ್ರ. ಎಂದರೆ ಪಾದದ ಕೆಳಗೇ ಇದ್ದಂತೆ. 100 ಆದರೆ 15. 118 ಆದರೆ 24. ಅಂಚು ಹೊರಗೆ ಸರಿದಷ್ಟೂ ಅದನ್ನು ಊರಿ ಹಿಡಿಯಲು ಕಾಲು ಹೆಚ್ಚು ಶ್ರಮಪಡಬೇಕು. ಚಾಚಿದ ಕೈಯಲ್ಲಿ ತುಂಬಿದ ಬಿಂದಿಗೆಯನ್ನು ಹಿಡಿದು ನೋಡಿದ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲದೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೊರಳುವುದಕ್ಕೆ ಅಗಲವಾದ ಹಲಗೆಯು ಹೆಚ್ಚು ಹೊತ್ತು ತೆಗೆದುಕೊಳ್ಳುವುದು. ಕಲ್ಲುಹಿಮದಲ್ಲಿ ಆ ಅರೆಕ್ಷಣದ ತಡವೇ ನಮ್ಮ ಅಳಿಯನನ್ನು ಕೆಡವಿತು.

ಮದುವೆಯ ಅಡಿಗೆಗೆ ಕೊಪ್ಪರಿಗೆ ಬೇಕು. ಅದಿಲ್ಲದೆ ಐನೂರು ಎಲೆಗೆ ಅನ್ನ ಆಗುವುದಿಲ್ಲ. ಆದರೆ ಮನೆಯ ನಾಲ್ಕು ಜನರ ಅನ್ನವನ್ನು ದಿನವೂ ಕೊಪ್ಪರಿಗೆಯಲ್ಲಿ ಬೇಯಿಸುವ ಗೃಹಿಣಿಯುಂಟೇ? ಅತ್ಯಂತ ಅಗಲದ ಸ್ಕೀಯು ಮದುವೆಯ ಕೊಪ್ಪರಿಗೆ. ದಿನದ ಪಾತ್ರೆಯನ್ನು ಬೇರೆಯಾಗಿ ಆರಿಸಬೇಕು. ಒಂದೇ ಪಾತ್ರೆಯನ್ನು ಕೊಳ್ಳಲು ಶಕ್ತಿಯಿರುವವನು ದಿನದ ಪಾತ್ರೆಯನ್ನೇ ಕೊಳ್ಳಬೇಕು.

ಹಾಗಾದರೆ ಬೆರಕೆಯ ಹಿಮಕ್ಕೆ ಎಂಥದನ್ನು ಆರಿಸತಕ್ಕದ್ದು? ಅಗಲವೊಂದನ್ನೇ ನೋಡಬಾರದೆಂಬುದು ಚಾಚಾ ಅವರ ಮೊದಲ ಎಚ್ಚರಿಕೆ. ಸ್ಕೀಯನ್ನು ನೆಲದ ಮೇಲಿಟ್ಟು ಪಕ್ಕದಿಂದ ನೋಡಬೇಕು. ಹಳೆಯ ಬಗೆಯ ಸ್ಕೀಯ ನಡುವು ಕಮಾನಿನಂತೆ ಮೇಲೆ ಎದ್ದಿರುವುದು. ಅದರ ಮೇಲೆ ನಿಂತಾಗ ಕಮಾನು ಒತ್ತಿ, ಅಂಚು ಉದ್ದಕ್ಕೂ ಹಿಮವನ್ನು ಹಿಡಿಯುವುದು. ಪುಡಿಹಿಮದ ಸ್ಕೀಯ ತುದಿಗಳು ಬಹು ಮುಂಚಿನಿಂದಲೇ ಮೇಲಕ್ಕೆ ಏರಿರುವುವು. ಆದ್ದರಿಂದ ಅದು ಹಿಮದೊಳಕ್ಕೆ ಮೂತಿ ತೂರಿಸದೆ ತೇಲುವುದು. ಬೆರಕೆಯ ಹಿಮಕ್ಕೆ ಎರಡೂ ಗುಣಗಳು ಬೇಕು: ಮುಂತುದಿಯಲ್ಲಿ ಒಳ್ಳೆಯ ಏರು, ಹಿಂತುದಿಯಲ್ಲಿ ಅಲ್ಪ ಏರು, ಬೂಟಿನ ಕೆಳಗೆ ಕಮಾನು. ಹೊಪ್ಪಳೆಹಿಮದಲ್ಲಿ ಮುಂತುದಿಯ ಏರೇ ರಕ್ಷಕ. ಮುರಿದ ಪದರದ ಕೆಳಗೆ ಮೂತಿ ಸಿಕ್ಕಿಕೊಳ್ಳದಂತೆ ಅದು ಕಾಯುವುದು.

ಎರಡನೆಯದು ಉದ್ದ. ತುದಿಗಳು ಮೇಲೆದ್ದ ಸ್ಕೀಯಲ್ಲಿ ಗಟ್ಟಿ ಹಿಮವನ್ನು ಮುಟ್ಟುವ ಅಂಚು ಅದರ ಉದ್ದಕ್ಕಿಂತ ಕಡಿಮೆ. ಆದ್ದರಿಂದ ಅದು ತೀರ ಗಿಡ್ಡವಾಗಿರಬಾರದು. ಪಳಗಿದವನಿಗೆ ಸುಮಾರು ಅವನ ಎತ್ತರದಷ್ಟು ಅಥವಾ ನಾಲ್ಕಾರು ಸೆಂಟಿಮೀಟರ್ ಹೆಚ್ಚು ಇರಬಹುದು, ಕಲಿಯುವವನಿಗೆ ಅದಕ್ಕಿಂತ ಕಡಿಮೆ. ಮೂರನೆಯದು ಬಿಗುವು ಮತ್ತು ತೂಕ. ಬಹಳ ಹಗುರವೂ ಮೆತ್ತಗೂ ಇದ್ದರೆ ಬೆಟ್ಟ ಹತ್ತುವಾಗ ಹಿತ. ಆದರೆ ಕಲಕಿದ ಹಿಮದ ಹೆಂಟೆಗಳ ಮೇಲೆ ಅದು ಕಾಲನ್ನು ಅತ್ತ ಇತ್ತ ಎಸೆಯುವುದು. ಒಂದೊಂದು ಸುಮಾರು ಎರಡು ಕಿಲೋಗ್ರಾಂ ತೂಗುವ ಸ್ಕೀಯು ಹೆಂಟೆಗಳನ್ನು ಸೀಳಿಕೊಂಡು ಸ್ಥಿರವಾಗಿ ಹೋಗುವುದು. ಬಹಳ ಬಿಗುವಾದದ್ದು ಬಲಿಷ್ಠನೂ ಪಳಗಿದವನೂ ಆದವನಿಗೆ ಮಾತ್ರ.

ನಾಲ್ಕನೆಯದು ಬೈಂಡಿಂಗ್, ಎಂದರೆ ಬೂಟನ್ನು ಸ್ಕೀಗೆ ಹಿಡಿದಿಡುವ ಸಾಧನ. ಬಿದ್ದಾಗ ಬೂಟನ್ನು ಬಿಟ್ಟುಕೊಟ್ಟು ಕಾಲನ್ನು ಉಳಿಸುವುದೂ ಇದೇ. ಅದರಲ್ಲಿರುವ ಅಂಕಿಯನ್ನು ತೂಕ, ಎತ್ತರ, ವಯಸ್ಸು, ಅಭ್ಯಾಸ, ಬೂಟಿನ ಅಟ್ಟೆಯ ಉದ್ದ ಇವುಗಳಿಗೆ ಅನುಗುಣವಾಗಿ ತಿಳಿದವರೇ ಹೊಂದಿಸಬೇಕು. ಸ್ನೇಹಿತನ ಅಂಕಿಯು ನಮಗಾಗದು. ಸ್ಕೀಯು ಕಳಚಿ ಓಡದಂತೆ ತಡೆಯುವ ಬ್ರೇಕಿನ ಕಡ್ಡಿಗಳು ನಡುವಿನ ಅಗಲಕ್ಕಿಂತ ಸ್ವಲ್ಪ ಹೆಚ್ಚು ಅಗಲವಾಗಿರಬೇಕು. ಕಿರಿದಾದ ಸ್ಕೀಯ ಬೈಂಡಿಂಗನ್ನು ಅಗಲದ ಸ್ಕೀಗೆ ಕೂಡಿಸಲು ಹೋಗಿ ಹಣ ಕಳೆದುಕೊಂಡವರು ಉಂಟಂತೆ. ಐದನೆಯದು ಅಂಚಿನ ಹರಿತ. ನಮ್ಮ ಅಳಿಯನ ಅಂಚುಗಳನ್ನು ಚಾಚಾ ಸವರಿ ನೋಡಿದಾಗ ಅವು ಮೊಂಡಾಗಿದ್ದವು. ಹೊಸ ವಸ್ತುವಾದರೂ ಒಮ್ಮೆ ಮಸೆಸಿ ಬಳಸುವುದೇ ಕ್ಷೇಮ.

ಗುಲ್ಮಾರ್ಗಿನಂಥ ಬೆಟ್ಟಕ್ಕೆ, ಮಧ್ಯಮ ತೂಕದ ಮಧ್ಯಮ ಅಭ್ಯಾಸದ ತರುಣನಿಗೆ 95ರಿಂದ 105 ಮಿಲಿಮೀಟರಿನೊಳಗಿನ ನಡು ಸಾಕೆಂಬುದು ಚಾಚಾ ಅವರ ಮತ. ನಮಗೂ ಅದು ಯುಕ್ತವೆಂದು ತೋರಿತು. ತೂಕ ಕಡಿಮೆಯಿರುವ ಹೆಣ್ಣುಮಕ್ಕಳಿಗೆ ಅದಕ್ಕಿಂತ ಕಿರಿದಾದದ್ದೂ ಅಷ್ಟೇ ಚೆನ್ನಾಗಿ ತೇಲುವುದು. ಮಕ್ಕಳು ಪರದೇಶದಲ್ಲಿದ್ದರೆ ಆಯಾ ದೇಶದ ಹಿಮವನ್ನು ನೋಡಿ ಆರಿಸಬೇಕು. ಜಪಾನಿನ ಹೊಕ್ಕೈಡೋ ದ್ವೀಪದಲ್ಲಿ ಚಳಿಗಾಲವೆಲ್ಲ ಪುಡಿಹಿಮ ಸುರಿಯುವುದರಿಂದ ಅಲ್ಲಿ 110ನ್ನು ಮೀರಿದರೂ ತಪ್ಪಿಲ್ಲ. ಅಮೆರಿಕದ ಪೂರ್ವಭಾಗದ ಬೆಟ್ಟಗಳಲ್ಲಿ ಗಟ್ಟಿ ಹಿಮವೇ ಹೆಚ್ಚಾದ್ದರಿಂದ 90ರ ಒಳಗಿನದೇ ಹಿತ. ಯುರೋಪಿನ ಆಲ್ಪ್ಸ್ ಪರ್ವತಗಳಲ್ಲಿ ಎರಡರ ನಡುವಿನದು. ಎಲ್ಲಿಯೇ ಆಗಲಿ, ಕೊಳ್ಳುವ ಮೊದಲು ಎರಡು ಮೂರು ಅಗಲಗಳನ್ನು ಬಾಡಿಗೆಗೆ ಪಡೆದು, ಒಳ್ಳೆಯ ಹಿಮದ ದಿನವೂ ಕೆಟ್ಟ ಹಿಮದ ದಿನವೂ ಬಳಸಿ ನೋಡತಕ್ಕದ್ದು. ಒಳ್ಳೆಯ ದಿನ ಎಲ್ಲ ಹಲಗೆಯೂ ಒಳ್ಳೆಯದೇ. ಹಲಗೆಯ ಯೋಗ್ಯತೆ ತಿಳಿಯುವುದು ಕೆಟ್ಟ ದಿನದಲ್ಲಿ.

ನಾಲ್ಕನೆಯ ರಾತ್ರಿ ಹಿಮ ಬೀಳತೊಡಗಿತು. ಎರಡು ರಾತ್ರಿ ಒಂದು ಹಗಲು ಬಿದ್ದು, ಮೊಣಕಾಲಿನವರೆಗೆ ಹೊಸ ಹಿಮ ನಿಂತಿತು. ಹಿಮಕುಸಿತದ ಭಯದಿಂದ ಮೇಲಿನ ಹಂತವನ್ನು ಒಂದು ದಿನ ಮುಚ್ಚಿದ್ದರು. ತೆರೆದ ದಿನ ವೈದ್ಯರ ಅಪ್ಪಣೆ ಪಡೆದು ಅಳಿಯನು ಹೊರಟನು. ಅವನ ಕಣ್ಣು ತನ್ನ ಅಗಲದ ಜೊತೆಯ ಮೇಲೆಯೇ ಇತ್ತು. "ಮಾವ, ಇವತ್ತು ಬಿದ್ದಿರುವುದು ಪುಡಿಹಿಮವೇ. ಇವತ್ತಲ್ಲದೆ ಇನ್ನು ಯಾವತ್ತು?" ಎಂದನು. ನ್ಯಾಯವಾದ ಮಾತೇ. ಆದರೆ ಚಾಚಾ 100 ಮಿಲಿಮೀಟರಿನ ಒಂದು ಜೊತೆಯನ್ನು ಅವನ ಮುಂದಿಟ್ಟು, "ಬೇಟಾ, ಮೇಲೆ ಪುಡಿ. ನಡುವೆ ಏನು, ಕೆಳಗೆ ಏನು, ಅದನ್ನು ಸಂಜೆ ಬಂದು ನನಗೆ ಹೇಳು" ಎಂದರು. ಮೊಣಕಾಲಿನ ನೆನಪೋ ಹಿರಿಯರ ದಾಕ್ಷಿಣ್ಯವೋ, ಅವನು ಅದನ್ನೇ ತೆಗೆದುಕೊಂಡನು. ಜೊತೆಗೆ ಬೆಟ್ಟವನ್ನು ಬಲ್ಲ ಒಬ್ಬ ಮಾರ್ಗದರ್ಶಿಯನ್ನು ನಾವು ಗೊತ್ತುಮಾಡಿದ್ದೆವು.

ಸಂಜೆ ಅವನು ಹೇಳಿದುದು ಹೀಗೆ: ಮೇಲಿನ ಹೆಗಲಿನಲ್ಲಿ ಗಾಳಿ ಹೊಡೆದು ಹಿಮ ಹಲಗೆಗಟ್ಟಿತ್ತು. ಅದರ ಕೆಳಗಿನ ಮರೆಯಲ್ಲಿ ನಿಜವಾದ ಪುಡಿಹಿಮ. ಅಲ್ಲಿ ಅವನು ಕನಸಿನಲ್ಲಿ ಕಂಡಂತೆ ತೇಲಿದನು, ಏನೂ ಕೊರತೆ ತೋರಲಿಲ್ಲ. ಇನ್ನೂ ಕೆಳಗೆ ಹತ್ತಾರು ಜನ ಓಡಾಡಿ ಕಲಕಿದ ಹೆಂಟೆಗಳು. ಕೊಂಗ್‌ಡೂರಿಯಿಂದ ಕೆಳಗೆ ಬಿಸಿಲಿಗೆ ನೆನೆದ ಭಾರದ ಹಿಮ. ಕಡೆಗೆ ಮರಗಳ ನೆರಳಿನಲ್ಲಿ ಅಗಲೇ ಗಟ್ಟಿಯಾಗುತ್ತಿದ್ದ ಹಾದಿ. "ಪುಡಿಹಿಮ ಇದ್ದುದು ಕಾಲುಭಾಗ, ಮಾವ. ಮುಕ್ಕಾಲು ಭಾಗ ಬೇರೆಯೇ" ಎಂದನು. ಚಾಚಾ ನಕ್ಕು ಚಹಾ ತರಿಸಿದರು.

ಆದರೆ ಆ ದಿನದ ಮುಖ್ಯ ವಿಷಯ ಅದಲ್ಲ. ಪುಡಿಹಿಮವು ಮುಗಿಯುವ ಎಡೆಯಲ್ಲಿ, ಯಾರೂ ಇಳಿಯದ ಒಂದು ಕಡಿದಾದ ಬಟ್ಟಲು ಪಕ್ಕಕ್ಕೆ ಕಾಣುತ್ತಿತ್ತಂತೆ. ಅತ್ಯಂತ ಅಗಲದ ಹಲಗೆಗಳ ಮೇಲಿದ್ದ ನಾಲ್ವರು ಎಚ್ಚರಿಕೆಯ ಗಡಿಯನ್ನು ದಾಟಿ ಅದರೊಳಕ್ಕೆ ಇಳಿದರು. ಇವನೂ ಕೇಳಿದನು. ಮಾರ್ಗದರ್ಶಿಯು, "ಹಲಗೆ ನಿನ್ನನ್ನು ಹಿಮದ ಮೇಲೆ ತೇಲಿಸುತ್ತದೆ; ಹಿಮವೇ ಹೊರಟರೆ ಯಾವ ಹಲಗೆಯೂ ತೇಲಿಸುವುದಿಲ್ಲ" ಎಂದು ಹೇಳಿ ಮುಂದೆ ಸಾಗಿದನು. ಇವನು ಹಿಂಬಾಲಿಸಿದನು. ಆ ನಾಲ್ವರಿಗೂ ಆ ದಿನ ಏನೂ ಆಗಲಿಲ್ಲ. ಅದು ಅವರ ಪುಣ್ಯ, ಅವರ ವಿವೇಕವಲ್ಲ. ಇದೇ ಅಫರ್‌ವಾಟ್ ಪರ್ವತದಲ್ಲಿ 2023ರ ಫೆಬ್ರವರಿ 1ರಂದು ಹಿಮಕುಸಿತಕ್ಕೆ ಸಿಕ್ಕಿ ಪೋಲೆಂಡ್ ದೇಶದ ಇಬ್ಬರು ಸ್ಕೀಗಾರರು ಮೃತಪಟ್ಟರು. 2024ರ ಫೆಬ್ರವರಿಯಲ್ಲಿ ರಷ್ಯ ದೇಶದ ಒಬ್ಬನು ಹಾಗೆಯೇ ಮಡಿದನು. 30ರಿಂದ 45 ಡಿಗ್ರಿಗಳ ಇಳಿಜಾರು, ಹೊಸ ಹಿಮ, ಗಾಳಿ — ಈ ಮೂರು ಕೂಡಿದಲ್ಲಿ ಅಪಾಯವು ಹೆಚ್ಚು. ಹುಗಿದುಹೋದವನನ್ನು ಹತ್ತು ಹದಿನೈದು ನಿಮಿಷಗಳೊಳಗೆ ಜೊತೆಯವರೇ ತೆಗೆಯಬೇಕು. ಬಳಿಕ ಬದುಕುವ ಆಸೆ ಬೇಗಬೇಗನೆ ಕ್ಷೀಣಿಸುವುದು. ಆದ್ದರಿಂದ ಮಟ್ಟಮಾಡಿದ ಹಾದಿಯನ್ನು ಬಿಟ್ಟು ಹೋಗುವವರಲ್ಲಿ ಪ್ರತಿಯೊಬ್ಬನೂ ಸಂಜ್ಞೆ ಕಳುಹಿಸುವ ಯಂತ್ರ, ಶೋಧಿಸುವ ಉದ್ದಕೋಲು, ಸಲಿಕೆ ಈ ಮೂರನ್ನೂ ಒಯ್ಯತಕ್ಕದ್ದು; ಒಯ್ದರೆ ಸಾಲದು, ಬಳಸುವುದನ್ನು ಅಭ್ಯಾಸಮಾಡಿರಬೇಕು. ಅಗಲದ ಸ್ಕೀಗೆ ಹಣವಿದ್ದು ಇವುಗಳಿಗೆ ಹಣವಿಲ್ಲವೆನ್ನುವ ಮಗನಿಗೆ ತಂದೆತಾಯಿಗಳು ಯಾವುದಕ್ಕೂ ಹಣ ಕೊಡದಿರುವುದು ಲೇಸು.

ಅಗಲದ ಸ್ಕೀಯು ಆಳವಾದ ಹಿಮವನ್ನು ಸುಲಭಮಾಡುವುದು. ಅದೇ ಅದರ ಗುಣ, ಅದೇ ಅದರ ದೋಷ. ಹಿಂದೆ ಹತ್ತು ವರ್ಷ ಪಳಗಿದವರು ಮಾತ್ರ ಹೋಗುತ್ತಿದ್ದ ಎಡೆಗಳಿಗೆ ಇಂದು ಎರಡು ಚಳಿಗಾಲದ ಹುಡುಗರು ಹೋಗಬಲ್ಲರು. ಕಾಲಿಗೆ ಬಂದ ಸಾಮರ್ಥ್ಯವು ಕಣ್ಣಿಗೆ ಬರುವುದಕ್ಕೆ ಹಲಗೆಯು ಸಹಾಯಮಾಡದು.

ಹಿಂತಿರುಗಿ ಬಂದು ಅಳಿಯನನ್ನು ಅಕ್ಕನ ಮುಂದೆ ನಿಲ್ಲಿಸಿದೆವು. ಆಕೆ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಎಡಮೊಣಕಾಲಿನ ಪಟ್ಟಿಯನ್ನು ಕಂಡು, ನಮ್ಮತ್ತ ಒಂದು ನೋಟ ಬೀರಿದಳು. ನಾವು ನಡೆದುದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದೆವು. ಬರುವ ವರ್ಷಕ್ಕೆ 100ರ ಒಂದು ಜೊತೆಯನ್ನು ಕೊಳ್ಳುವುದೆಂದೂ, ಅಗಲದ ಜೊತೆಯನ್ನು ಮಾರದೆ ದೊಡ್ಡ ಹಿಮದ ದಿನಗಳಿಗಾಗಿ ಇಟ್ಟುಕೊಳ್ಳುವುದೆಂದೂ ಅಳಿಯನು ನಿಶ್ಚಯಿಸಿರುವನು. ಅಕ್ಕ ಏನೂ ಹೇಳದೆ ಆ ಹಲಗೆಗಳನ್ನು ಹಳೆಯ ಸೀರೆಯಲ್ಲಿ ಸುತ್ತಿಸಿ ಅಟ್ಟದ ಮೇಲಕ್ಕೆ ಏರಿಸಿದಳು. ಅಲ್ಲಿ ಅವು ಈಗ ಆಕೆಯ ಮದುವೆಯ ಕಾಲದ ಕೊಪ್ಪರಿಗೆಯ ಪಕ್ಕದಲ್ಲಿ ಒರಗಿಕೊಂಡಿವೆ.